ಚೆನ್ನಮ್ಮನಿಗೆ ತಾರೀಖು, ಅಕ್ಕನಿಗೆ ಹುಣ್ಣಿಮೆ, ಅಜ್ಜಿಗೆ?

ಪ್ರಶ್ನೆ: ಮೇಡಂ, ನಮ್ಮ ಮಹಿಳಾ ಸಂಘದಿಂದ ಒಂದು ಗೋಡೆ ಕ್ಯಾಲೆಂಡರ್ ಮಾಡಬೇಕು ಅಂತಿದ್ದೇವೆ. ಕರ್ನಾಟಕದ ಹೆಣ್ಣುಮಕ್ಕಳ ದಿನಗಳು ಮಾತ್ರ ಇರಬೇಕು. ಕೂತು ಪಟ್ಟಿ ಮಾಡಿದರೆ ತಲೆ ಕೆಟ್ಟುಹೋಯಿತು. ಕಿತ್ತೂರು ಚೆನ್ನಮ್ಮನದು ಪ್ರತಿವರ್ಷ ಅಕ್ಟೋಬರ್ 23. ಅಕ್ಕಮಹಾದೇವಿ ಜಯಂತಿ ಮಾತ್ರ ವರ್ಷಕ್ಕೊಂದು ದಿನ. ಅದೂ ಒಂದು ಕ್ಯಾಲೆಂಡರಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇಲ್ಲ. ಯಾವುದು ಸರಿ? ಇನ್ನೊಂದು ವಿಷಯ. ನಮ್ಮಜ್ಜಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಅಂಥದ್ದನ್ನೂ ಸೇರಿಸಬಹುದಾ, ಇಲ್ಲಾ ಸಾಧಕಿಯರ ಹೆಸರು ಮಾತ್ರ ಸಾಕಾ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಬುಟ್ಟಿಯ ವಿಷಯ ಹೇಳಿಬಿಡುತ್ತೇನೆ. ಸೇರಿಸಿ. ಅದಕ್ಕೊಂದು ಇಡೀ ಪುಟ ಕೊಟ್ಟರೂ ಜಾಸ್ತಿಯಾಗಲಿಲ್ಲ. ಯಾಕೆ ಅನ್ನೋದಕ್ಕೆ ಮಾತ್ರ ತಾರೀಖು, ತಿಥಿಗಳ ಗೋಜಲು ಬಿಡಿಸಿಕೊಂಡೇ ಬರಬೇಕು.

ಈ ಗೋಜಲಿನಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದವಳೇ. ಬಹಳ ವರ್ಷಗಳ ಹಿಂದೆ ಒಂದೂರಿನ ಸಂಘದವರು ಅಕ್ಕನ ಜಯಂತಿಗೆ ಮಾತಾಡಲು ಕರೆದಿದ್ದರು. ಫೋನಿನಲ್ಲಿ ‘ಹುಣ್ಣಿಮೆ ದಿನ ಬಂದ್ಬಿಡಿ ಮೇಡಂ’ ಅಂದರು. ನಾನು ಮನೆಯ ಕ್ಯಾಲೆಂಡರ್ ನೋಡಿಕೊಂಡು ಬಸ್ ಹತ್ತಿದೆ. ಹೋಗಿ ನೋಡಿದರೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದ್ದಾರೆ. ಶಾಮಿಯಾನ ಬಿಚ್ಚುತ್ತಿದ್ದ ಹುಡುಗ ‘ನಿನ್ನೆನೇ ಆಯ್ತಲ್ಲಕ್ಕಾ’ ಅಂದ. ತಪ್ಪು ಅವರದೂ ಅಲ್ಲ, ನನ್ನದೂ ಅಲ್ಲ. ಅವರು ಹಿಡಿದದ್ದು ರಾತ್ರಿ ತುಂಬು ಚಂದ್ರ ಕಂಡ ದಿನ. ನಾನು ಹಿಡಿದದ್ದು ಬೆಳಿಗ್ಗೆ ಸೂರ್ಯ ಹುಟ್ಟುವಾಗ ಹುಣ್ಣಿಮೆ ಇದ್ದ ದಿನ.

ತಿಥಿಗೂ ನಮ್ಮ ಗಡಿಯಾರದ ದಿನಕ್ಕೂ ಅಳತೆ ಹೊಂದುವುದಿಲ್ಲ. ದಿನಕ್ಕೆ 24 ಗಂಟೆ. ತಿಥಿ ಒಮ್ಮೊಮ್ಮೆ 20 ಗಂಟೆಗೇ ಮುಗಿಯುತ್ತದೆ, ಒಮ್ಮೊಮ್ಮೆ 26 ಗಂಟೆ ದಾಟುತ್ತದೆ. ಹಾಗಾಗಿ ಅದು ನಡುಮಧ್ಯಾಹ್ನ ಶುರುವಾದೀತು, ಅರ್ಧರಾತ್ರಿ ಮುಗಿದೀತು. ಅಕ್ಕನ ಜಯಂತಿ ಬರುವುದು ಚೈತ್ರ ಹುಣ್ಣಿಮೆಗೆ. 2026ರದನ್ನೇ ನೋಡಿ. ಏಪ್ರಿಲ್ 1ರ ಬೆಳಿಗ್ಗೆ 7 ಗಂಟೆ ಸುಮಾರಿಗೆ ಶುರು, ಏಪ್ರಿಲ್ 2ರ ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ಮುಗಿತಾಯ. ತುಂಬು ಚಂದ್ರ ಕಾಣುವುದು 1ರ ರಾತ್ರಿ. ಸೂರ್ಯೋದಯಕ್ಕೆ ಹುಣ್ಣಿಮೆ ಇರುವುದು 2ನೇ ತಾರೀಖು. ಒಬ್ಬರು 1 ಅಂತ ಅಚ್ಚು ಹಾಕಿದರೆ, ಇನ್ನೊಬ್ಬರು 2 ಅಂತ ಹಾಕುತ್ತಾರೆ. ಇಬ್ಬರೂ ಸರಿಯೇ. ಗೌರಿ–ಗಣೇಶದ ಗಲಾಟೆಯೂ ಇದೇ ಜಾತಿಯದು. ಗೌರಿಗೆ ತದಿಗೆ ಬೆಳಿಗ್ಗೆ ಇರಬೇಕು, ಗಣಪನಿಗೆ ಚೌತಿ ಮಧ್ಯಾಹ್ನ ಇರಬೇಕು. ಎರಡೂ ಒಂದೇ ದಿನ ಸಿಕ್ಕರೆ ಅಮ್ಮ ಮಗ ಒಟ್ಟಿಗೇ ಬರುತ್ತಾರೆ. 2023ರಲ್ಲಿ ಸೆಪ್ಟೆಂಬರ್ 18ಕ್ಕೋ 19ಕ್ಕೋ ಅಂತ ಎಷ್ಟು ಮನೆಗಳಲ್ಲಿ ಗೊಂದಲವಾಗಿತ್ತು, ನೆನಪಿದೆ ಅಲ್ವಾ?

ಇನ್ನು ವರ್ಷ ವರ್ಷವೂ ದಿನ ಸರಿಯೋದು ಯಾಕೆ ಅಂದರೆ, ಚಂದ್ರನ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನವೇ ಆಗುತ್ತದೆ. ಗೋಡೆ ಕ್ಯಾಲೆಂಡರಿಗಿಂತ 11 ದಿನ ಕಡಿಮೆ. ಅದಕ್ಕೇ ಪ್ರತಿವರ್ಷ ಹಬ್ಬ ಹನ್ನೊಂದು ದಿನ ಹಿಂದಕ್ಕೆ ಜಾರುತ್ತದೆ. ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಸೂರ್ಯೋದಯದ ಲೆಕ್ಕದಲ್ಲಿ ಚೈತ್ರ ಹುಣ್ಣಿಮೆ 2023ರಲ್ಲಿ ಏಪ್ರಿಲ್ 6ಕ್ಕೆ ಬಂತು. ಆ ವರ್ಷ ಅಧಿಕ ಶ್ರಾವಣ ಇತ್ತು. ಹಾಗಾಗಿ 2024ರಲ್ಲಿ ಏಪ್ರಿಲ್ 23ಕ್ಕೆ ಹಾರಿತು. 2025ರಲ್ಲಿ ಮತ್ತೆ ಏಪ್ರಿಲ್ 12ಕ್ಕೆ ಇಳಿಯಿತು.

ಅಂದರೆ ಅಕ್ಕನ ದಿನ ಎಲ್ಲೂ ಅಲ್ಲಾಡಿಲ್ಲ. ಅದು ಚೈತ್ರದ ಹುಣ್ಣಿಮೆ, ಅಂದರೆ ದವನದ ಹುಣ್ಣಿಮೆ, ಅಷ್ಟೇ. ಅಲ್ಲಾಡುತ್ತಿರುವುದು ನಮ್ಮ ಕ್ಯಾಲೆಂಡರಿನ ಚೌಕಗಳು.

ಈಗ ಚೆನ್ನಮ್ಮನ ಕಡೆ ಬನ್ನಿ. ಆಕೆಗೆ ಅಷ್ಟು ಗಟ್ಟಿ ತಾರೀಖು ಸಿಕ್ಕಿದ್ದು ಹೇಗೆ? 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ರಾಣಿಯ ಬಂಟ ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ ಅಂತ ಕಿತ್ತೂರು ಸೀಮೆ ಇವತ್ತಿಗೂ ಹೇಳುತ್ತದೆ. ಎಲಿಯಟ್, ಸ್ಟೀವನ್‌ಸನ್ ಅನ್ನುವ ಇಬ್ಬರು ಅಧಿಕಾರಿಗಳು ರಾಣಿಯ ಕೈಗೆ ಸೆರೆ ಸಿಕ್ಕರು. ಇಷ್ಟಾದ ಮೇಲೆ ಕಂಪನಿ ಸರ್ಕಾರದ ಕಾಗದಗಳು ಸುಮ್ನೆ ಕೂರುತ್ತವಾ? ತಾರೀಖು ಹಾಕದೆ ಕಾಗದ ಬರೆದು ಅವರಿಗೆ ಅಭ್ಯಾಸವೇ ಇಲ್ಲ. ಅವರು ತಮ್ಮ ಸೋಲನ್ನು ದಿನ ಸಮೇತ ಬರೆದಿಟ್ಟರು, ನಮ್ಮ ಗೆಲುವಿಗೆ ತಾರೀಖು ಉಳಿಯಿತು. ಮುಂದೆ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. ಆಕೆ ತೀರಿಕೊಂಡದ್ದು ಅಲ್ಲೇ, 1829ರ ಫೆಬ್ರವರಿಯಲ್ಲಿ. ಆದರೆ ಕಿತ್ತೂರು ಉತ್ಸವ ನಡೆಯುವುದು ಗೆದ್ದ ದಿನದಿಂದ, ಅಕ್ಟೋಬರ್ 23ರಿಂದ 25ರವರೆಗೆ. ನನಗೆ ಇದು ಇಷ್ಟ. ಸೋತ ದಿನವನ್ನು ಹಿಡಿದು ಅಳುತ್ತಾ ಕೂರದೆ ಗೆದ್ದ ದಿನವನ್ನು ಆರಿಸಿಕೊಂಡಿದ್ದಾರೆ.

ಸೆರೆ ಸಿಕ್ಕ ಆ ಎಲಿಯಟ್ ಮುಂದೆ ಹಳೆಗನ್ನಡ ಶಾಸನಗಳ ಹುಚ್ಚು ಹಿಡಿಸಿಕೊಂಡು ನೂರಾರು ಶಾಸನಗಳ ಪ್ರತಿ ಮಾಡಿಸಿದ. ಕಿತ್ತೂರಿನ ಸೆರೆವಾಸ ಅವನಿಗೆ ಏನು ಕಲಿಸಿತೋ, ದೇವರಿಗೇ ಗೊತ್ತು.

ಇಲ್ಲೊಂದು ಮಜಾ ಇದೆ. 1824ರ ಅಕ್ಟೋಬರ್ 23ನ್ನು ಪಂಚಾಂಗದ ಲೆಕ್ಕಕ್ಕೆ ತಿರುಗಿಸಿ ನೋಡಿ. ಅದು ದೀಪಾವಳಿ ಅಮಾವಾಸ್ಯೆಯ ಹೊತ್ತು. ನಮ್ಮ ತಿಥಿಗಳು 19 ವರ್ಷಕ್ಕೊಮ್ಮೆ ಹೆಚ್ಚೂಕಡಿಮೆ ಅದೇ ತಾರೀಖಿಗೆ ಮರಳಿ ಬರುತ್ತವೆ. 1824ಕ್ಕೆ ಹತ್ತು ಸುತ್ತು, ಅಂದರೆ 190 ವರ್ಷ ಸೇರಿಸಿದರೆ 2014. ಆ ವರ್ಷ ದೀಪಾವಳಿ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 23ಕ್ಕೇ! ಕಿತ್ತೂರಿನ ಗೆಲುವನ್ನು ನಾವು ಅಕ್ಕನ ಹಾಗೆ ತಿಥಿಯಲ್ಲಿ ನೆನೆದಿದ್ದರೆ, ಪ್ರತಿ ದೀಪಾವಳಿಗೂ ಒಂದು ಹಣತೆ ಚೆನ್ನಮ್ಮನ ಹೆಸರಿನದಾಗಿರುತ್ತಿತ್ತು. ನಿಮ್ಮ ಕ್ಯಾಲೆಂಡರಿನ ದೀಪಾವಳಿ ಚೌಕದ ಮೂಲೆಯಲ್ಲಿ ಇದನ್ನು ಸಣ್ಣದಾಗಿ ಹಾಕಿ. ಓದಿದವರು ಒಂದು ಕ್ಷಣ ನಿಲ್ಲುತ್ತಾರೆ.

ಒನಕೆ ಓಬವ್ವನ ಕಥೆ ಬೇರೆ. ಗಂಡ ಕಹಳೆ ಮುದ್ದಹನುಮ ಚಿತ್ರದುರ್ಗದ ಕೋಟೆಯ ಕಾವಲಿನವನು. ಅವನು ಊಟಕ್ಕೆ ಬಂದ ಹೊತ್ತು, ಈಕೆ ನೀರಿಗೆ ಹೋದ ಹೊತ್ತು, ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರು, ಕೈಗೆ ಸಿಕ್ಕ ಒನಕೆ. ಇದೆಲ್ಲ ಜನರ ಬಾಯಲ್ಲಿ ಉಳಿದದ್ದು. ಆ ಕಿಂಡಿಯನ್ನು ನೀವೂ ನೋಡಿರಬಹುದು, ಒಬ್ಬರು ಬಗ್ಗಿ ದಾಟಬೇಕು. ಕೋಟೆ ಕಡೆಗೆ ಬಿದ್ದದ್ದು 1779ರಲ್ಲಿ. ಆದರೆ ಕಾವಲುಗಾರನ ಹೆಂಡತಿ ಹುಟ್ಟಿದ ದಿನವನ್ನು ಆ ಕಾಲದಲ್ಲಿ ಯಾರು ಬರೆದಿಡುತ್ತಿದ್ದರು? ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ನ್ನು ಓಬವ್ವ ಜಯಂತಿ ಅಂತ ಆಚರಿಸುತ್ತಿದೆ. ಹೇಮರೆಡ್ಡಿ ಮಲ್ಲಮ್ಮನಿಗೆ ಮೇ 10. ಇವು ನಂತರದವರು ಗೌರವದಿಂದ ಇಟ್ಟ ತಾರೀಖುಗಳು. ಧಾರಾಳವಾಗಿ ಹಾಕಿ. ‘ಹುಟ್ಟಿದ ದಿನ’ ಅಂತ ಬರೆಯುವ ಬದಲು ‘ಜಯಂತಿ’ ಅಂತಷ್ಟೇ ಬರೆದರೆ ಜಾಣತನ.

ಹಾಗಂತ ಇಂಗ್ಲಿಷ್ ತಾರೀಖು ಅಂದರೆ ಕಲ್ಲಿನ ಮೇಲಿನ ಗೆರೆ ಅಂತಲೂ ಅಲ್ಲ. ಮಾರ್ಚ್ 8ರ ಮಹಿಳಾ ದಿನವನ್ನೇ ತಗೊಳ್ಳಿ. ಮೊದಲ ಸಲ 1911ರಲ್ಲಿ ಯುರೋಪಿನ ಕೆಲವು ದೇಶಗಳಲ್ಲಿ ಆಚರಿಸಿದಾಗ ಅದು ಮಾರ್ಚ್ 19. ಆಮೇಲೆ 1917ರಲ್ಲಿ ರಷ್ಯಾದ ಪೆಟ್ರೋಗ್ರಾಡಿನ ಹೆಣ್ಣುಮಕ್ಕಳು ರೊಟ್ಟಿ ಬೇಕು, ಯುದ್ಧ ಸಾಕು ಅಂತ ಬೀದಿಗಿಳಿದರು. ಅವರ ಊರಿನ ಗೋಡೆಯ ಮೇಲೆ ಅವತ್ತು ಫೆಬ್ರವರಿ 23! ರಷ್ಯಾ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿತ್ತು, 13 ದಿನ ಹಿಂದೆ. ಉಳಿದವರ ಲೆಕ್ಕದಲ್ಲಿ ಅದು ಮಾರ್ಚ್ 8. ಪಂಚಾಂಗದವರದು ಗೊಂದಲ, ಅವರದು ಕರಾರುವಾಕ್ಕು ಅಂತ ಯಾರಾದರೂ ಹೇಳಿದರೆ ಈ ಕಥೆ ಹೇಳಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮೂರನೆಯ ಗುಂಪು. ದಿನ ಗೊತ್ತಿದ್ದೂ ಯಾರೂ ನೆನೆಯದವರು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಅಂದರೆ ಬೇಲೂರು, ನಾಟ್ಯ, ಶಿಲಾಬಾಲಿಕೆ ಅಂತ ಎಲ್ಲರೂ ಹೇಳುತ್ತಾರೆ. ಆಕೆ ಶಿವಗಂಗೆಯಲ್ಲಿ ದೇಹ ಬಿಟ್ಟದ್ದು 1131ರಲ್ಲಿ. ಶ್ರವಣಬೆಳಗೊಳದ ಶಾಸನ ಸಂವತ್ಸರದ ಹೆಸರು ಹೇಳಿ, ಚೈತ್ರ ಶುದ್ಧ ಪಂಚಮಿ, ಸೋಮವಾರ ಅಂತ ಬಿಡಿಸಿ ಬರೆದಿದೆ. ಅದೇ ಶಾಸನದಲ್ಲಿ ಶಾಂತಲೆಯ ತಾಯಿ ಮಾಚಿಕಬ್ಬೆ ಇದ್ದಾಳೆ. ಮಗಳು ಹೋದ ಮೇಲೆ ಬದುಕು ಬೇಡವೆಂದು ಬೆಳಗೊಳಕ್ಕೆ ಬಂದು, ಉಪವಾಸ ಹಿಡಿದು ಪ್ರಾಣ ಬಿಟ್ಟವಳು. ರಾಣಿಯ ಸಾವಿನ ಪಕ್ಕ ಒಬ್ಬ ತಾಯಿಯ ಸಂಕಟವನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಚೈತ್ರ ಪಂಚಮಿ ಹುಡುಕುವುದು ಕಷ್ಟವೇನಲ್ಲ. ಯುಗಾದಿಯೇ ಪಾಡ್ಯ, ಅಲ್ಲಿಂದ ಎಣಿಸಿದರೆ ಐದನೇ ತಿಥಿ. ಬೇವು–ಬೆಲ್ಲದ ವಾರದಲ್ಲೇ ಬರುತ್ತದೆ. ನಾನು ನೋಡಿದ ಯಾವ ಗೋಡೆ ಕ್ಯಾಲೆಂಡರಿನಲ್ಲೂ ಆ ಚೌಕದಲ್ಲಿ ಶಾಂತಲೆಯ ಹೆಸರಿಲ್ಲ. ನಿಮ್ಮದರಲ್ಲಿ ಇರಲಿ.

ಅತ್ತಿಮಬ್ಬೆಯದೂ ಹೀಗೇ. ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದ ದಾನಚಿಂತಾಮಣಿ. ಅಲ್ಲಿನ ಶಾಸನ 1007ರದು. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ ಸಾವಿರ ಪ್ರತಿ ಬರೆಸಿ ಹಂಚಿದಳು ಅನ್ನುತ್ತಾರೆ. ತಾಳೆಗರಿಯ ಮೇಲೆ, ಕಬ್ಬಿಣದ ಕಂಟ ಹಿಡಿದು, ಒಂದೊಂದೇ ಅಕ್ಷರ ಕೊರೆದು ಸಾವಿರ ಪ್ರತಿ! ಆಕೆಯ ಹೆಸರಲ್ಲಿ ಪ್ರಶಸ್ತಿ ಇದೆ, ಎಲ್ಲರಿಗೂ ಗೊತ್ತಿರುವ ದಿನ ಇಲ್ಲ. ಯಾವ ತಿಂಗಳಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಹಾಕಿ, ದಿನ ಮಾತ್ರ ಹುಟ್ಟಿಸಬೇಡಿ.

ಇನ್ನು ಬುಟ್ಟಿ.

ನಮ್ಮ ಪಂಚಾಂಗದಲ್ಲಿ ಹೆಸರಿಲ್ಲದ ಹೆಂಗಸರು ತುಂಬಿದ್ದಾರೆ. ಅವರನ್ನು ನೆನೆಯುವ ಬಗೆ ಬೇರೆ. ಅವರ ಜೀವನ ಚರಿತ್ರೆ ಯಾರಿಗೂ ಗೊತ್ತಿಲ್ಲ, ಅವರು ಮಾಡಿದ್ದನ್ನೇ ಮತ್ತೆ ಮಾಡುತ್ತೇವೆ. ನಿಮ್ಮ ಭೂಮಿ ಹುಣ್ಣಿಮೆಯನ್ನೇ ನೋಡಿ. ಆಶ್ವೀಜ ಮಾಸದ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚುವ ಸಮಯ. ಅಂದರೆ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಇದೇ ದಿನ ಸೀಗಿ ಹುಣ್ಣಿಮೆ. ಅಲ್ಲಿ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ. ನಿಮ್ಮ ಸೀಮೆಯಲ್ಲಿ ದೀವರ ಸಮುದಾಯದ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ನಾನು ಒಮ್ಮೆ ಒಬ್ಬ ಅಜ್ಜಿಯ ಪಕ್ಕ ಕೂತು ನೋಡಿದ್ದೇನೆ. ಎಡಗೈಯಲ್ಲಿ ಬುಟ್ಟಿ ತಿರುಗಿಸುತ್ತಾ ಬಲಗೈಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಶುರುವಾದ ಜಾಗಕ್ಕೇ ಬಂದು ಸೇರಿತು, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ‘ಅಳತೆ ಹೇಗೆ ಹಿಡೀತೀರಿ ಅಜ್ಜಿ?’ ಅಂದೆ. ‘ಅಳತಿ ಎಂಥದು? ಬುಟ್ಟಿ ಹೇಳ್ತದೆ’ ಅಂದರು.

ಆ ರಾತ್ರಿ ಮನೆಯ ಹೆಂಗಸರು ಮಲಗುವುದಿಲ್ಲ. ಸೊಪ್ಪು ಸದೆ, ತರಕಾರಿ ಎಲ್ಲ ಸೇರಿಸಿ ಹಚ್ಚಂಬಲಿ ಬೇಯಿಸಬೇಕು, ಕಡುಬು ಆಗಬೇಕು. ಬೆಳಗಾಗುವ ಮೊದಲು ಬುಟ್ಟಿ ಗದ್ದೆಗೆ ಹೊರಡಬೇಕು. ಹೊತ್ತು ಹೋಗುವವರು ಗಂಡಸರು, ಕೂಗಿ ಚೆಲ್ಲುವವರೂ ಗಂಡಸರು. ಫೋಟೊಗಳಲ್ಲಿ ಹೆಚ್ಚಾಗಿ ಕಾಣುವುದೂ ಅವರೇ. ಬುಟ್ಟಿಯ ಚಿತ್ತಾರ, ಒಳಗಿನ ಅಡುಗೆ, ನಿದ್ದೆಗೆಟ್ಟ ರಾತ್ರಿ ಹೆಂಗಸರದು. ನಿಮ್ಮ ಕ್ಯಾಲೆಂಡರ್ ಸರಿಮಾಡಬೇಕಾದ ಜಾಗ ಇಲ್ಲಿದೆ, ನೋಡಿ.

ಘಟ್ಟ ಇಳಿದರೆ ಲೆಕ್ಕವೇ ಬದಲು. ತುಳುನಾಡಿನದು ಸೂರ್ಯನ ತಿಂಗಳು, ಸಂಕ್ರಮಣದಿಂದ ಸಂಕ್ರಮಣಕ್ಕೆ. ಹಾಗಾಗಿ ಅವರ ಭೂಮಿ ಹಬ್ಬ ಕೆಡ್ಡಸ ಹನ್ನೊಂದು ದಿನ ಜಾರುವುದಿಲ್ಲ, ಪ್ರತಿವರ್ಷ ಫೆಬ್ರವರಿ ಎರಡನೇ ವಾರದ ಹತ್ತಿರವೇ ಬರುತ್ತದೆ. ಪೊನ್ನಿ ತಿಂಗಳ ಕೊನೆಯ ದಿನಗಳು. ಭೂಮಿದೇವಿ ಮುಟ್ಟಾಗಿದ್ದಾಳೆ ಅಂತ ನೆಲ ಅಗೆಯುವ ಹಾಗಿಲ್ಲ, ನೇಗಿಲು ಹೂಡುವ ಹಾಗಿಲ್ಲ. ಕೊನೆಗೆ ಮನೆಯ ಹೆಂಗಸರು ಅಂಗಳದ ಒಂದು ಜಾಗ ಸಾರಿಸಿ ಭೂಮಿಗೆ ಎಣ್ಣೆ, ಸೀಗೆಪುಡಿ, ಅರಿಸಿನ, ಕುಂಕುಮ ಇಟ್ಟು ಮೀಯಿಸುತ್ತಾರೆ. ಮಲೆನಾಡಿನಲ್ಲಿ ಬಸುರಿ, ಕರಾವಳಿಯಲ್ಲಿ ಮುಟ್ಟಾದವಳು. ಮುಟ್ಟನ್ನು ಮೈಲಿಗೆ ಅಂತ ಹೆಂಗಸರನ್ನು ಮೂಲೆಗೆ ಕೂರಿಸಿದ ಊರುಗಳೇ ಭೂಮಿಯ ಮುಟ್ಟಿಗೆ ರಜೆ ಕೊಟ್ಟು ಎಣ್ಣೆ ಸ್ನಾನ ಮಾಡಿಸಿವೆ. ಈ ವಿಚಿತ್ರವನ್ನು ಕೆಡ್ಡಸದ ಚೌಕದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಶಾಲೆಗೆ ಹೋಗುವ ಹುಡುಗಿಯರು ಓದಲಿ.

ಕೊಡಗಿನದೂ ಸೂರ್ಯನ ಲೆಕ್ಕವೇ. ತುಲಾ ಸಂಕ್ರಮಣ ಅಕ್ಟೋಬರ್ 17ರ ಹತ್ತಿರ. ತಲಕಾವೇರಿಯಲ್ಲಿ ತೀರ್ಥೋದ್ಭವ ಒಂದು ವರ್ಷ ಹಾಡಹಗಲಲ್ಲಿ, ಇನ್ನೊಂದು ವರ್ಷ ನಡುರಾತ್ರಿಯಲ್ಲಿ ಆಗುವುದು ಯಾಕೆ ಅಂದರೆ, ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಸರಿಯುತ್ತದೆ. ಕೊಡವರ ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಿ ಅಂತ ಕೂರಿಸುತ್ತಾರೆ. ಇದು ಕಣಿ ಪೂಜೆ. ಕೊಡವತಿಯರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಕಟ್ಟುವುದಕ್ಕೂ ಕಾವೇರಿಯ ಕಥೆಯೇ ಕಾರಣ ಹೇಳುತ್ತಾರೆ. ಬಲಮುರಿಯಲ್ಲಿ ಹರಿದು ಹೋಗುತ್ತಿದ್ದವಳನ್ನು ತಡೆಯಲು ಹೆಂಗಸರು ನಿಂತಾಗ, ನೀರಿನ ರಭಸಕ್ಕೆ ನೆರಿಗೆ ಹಿಂದಕ್ಕೆ ತಿರುಗಿತಂತೆ.

ಇನ್ನು ತವರಿನ ದಿನಗಳು. ಶ್ರಾವಣದ ನಾಗರ ಪಂಚಮಿ ಉತ್ತರ ಕರ್ನಾಟಕದಲ್ಲಿ ಹಾವಿನ ಹಬ್ಬ ಎಷ್ಟೋ, ಅಣ್ಣ ಕರೆಯಲು ಬರುವ ಹಬ್ಬವೂ ಅಷ್ಟೇ. ಜೋಕಾಲಿ, ಉಂಡಿ, ಅರಳು, ‘ಇನ್ನೂ ಬರಲಿಲ್ಲ ಯಾಕೆ’ ಅನ್ನುವ ಹಾಡು. ಹಳೆ ಮೈಸೂರಿನ ಕಡೆ ಆ ಜಾಗ ಗೌರಿಗೆ. ಎರಡು ಮೊರ, ಒಳಗೆ ಅಕ್ಕಿ, ಬೇಳೆ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ. ಸೆರಗು ಮುಚ್ಚಿ ಬಾಗಿನ ಕೊಡುತ್ತಾರೆ. ತವರಿನಿಂದ ಬರುತ್ತಿದ್ದ ಗೌರಿ ದುಡ್ಡು ನಿಮಗೆ ನೆನಪಿದೆಯಾ? ನಮ್ಮಮ್ಮನಿಗೆ ಮಾವ ಮನಿಯಾರ್ಡರ್ ಕಳಿಸುತ್ತಿದ್ದರು. ಮೊತ್ತ ಸಣ್ಣದು. ಆದರೆ ಅಮ್ಮ ಫಾರಮ್ಮಿನ ಕೆಳಗಿನ ತುಂಡನ್ನು, ಮಾವ ಎರಡು ಸಾಲು ಬರೆದ ಆ ಚೀಟಿಯನ್ನು, ಅರಿಸಿನ ಕುಂಕುಮದ ಡಬ್ಬಿಯಲ್ಲಿ ಇಡುತ್ತಿದ್ದರು. ಅಮ್ಮ ಹೋದ ಮೇಲೆ ತೆಗೆದು ಎಣಿಸಿದೆವು, 31 ಚೀಟಿ ಇತ್ತು.

ಮಂಗಳಗೌರಿಯನ್ನು ವ್ರತದ ಪಟ್ಟಿಯಲ್ಲಿ ಒಂದು ಸಾಲು ಅಂತ ಬಿಡಬೇಡಿ. ಮದುವೆಯಾದ ಮೇಲೆ ಐದು ವರ್ಷ, ಶ್ರಾವಣದ ಮಂಗಳವಾರಗಳು. ತಂಬಿಟ್ಟಿನ 16 ದೀಪ ಹಚ್ಚಿ, ತುಪ್ಪ ಸವರಿದ ಮೊಗಚೆಕೈಯನ್ನು ದೀಪಗಳ ಮೇಲೆ ಹಿಡಿದು ಕಥೆ ಕೇಳಬೇಕು. ಕಥೆ ಮುಗಿಯುವಷ್ಟರಲ್ಲಿ ಕಪ್ಪು ಕಟ್ಟುತ್ತದೆ, ಅದೇ ಕಣ್ಣಿಗೆ ಕಾಡಿಗೆ. ಕೈ ಸೋತು ನಡುಗುತ್ತಿರುತ್ತದೆ. ಪಕ್ಕದಲ್ಲಿ ಕೂತ ಅತ್ತಿಗೆ ‘ಇಳಿಸ್ಬೇಡ, ಇನ್ನೊಂಚೂರು’ ಅನ್ನುತ್ತಾಳೆ. ಕಥೆಯ ಉದ್ದವನ್ನು ಮೊಗಚೆಕೈಯ ಮಸಿಯಲ್ಲಿ ಅಳೆದ ಜನ ನಾವು.

ಉತ್ತರದವರಿಗೆ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲಿನ ಮಂಗಳವಾರಗಳು ಗುಳ್ಳವ್ವನವು. ಕೆರೆ ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿ ಚುಚ್ಚಿ ಸಿಂಗಾರ ಮಾಡುವವರು ಪುಟ್ಟ ಹುಡುಗಿಯರು. ಭಾದ್ರಪದದಲ್ಲಿ ಗಣಪ ಹೋದ ಬೆನ್ನಿಗೆ ಜೋಕುಮಾರ ಬರುತ್ತಾನೆ. ಅವನನ್ನು ಬುಟ್ಟಿಯಲ್ಲಿ ಕೂರಿಸಿ, ಬೇವಿನ ಸೊಪ್ಪು ಸುತ್ತಿ, ಬಾಯಿಗೆ ಬೆಣ್ಣೆ ಬಳಿದು ಹಾಡುತ್ತಾ ಮನೆ ಮನೆ ತಿರುಗುವವರು ಹೆಂಗಸರು, ಹೆಚ್ಚಾಗಿ ಅಂಬಿಗರು, ತಳವಾರರು. ದೇವರು ಗಂಡು, ಆದರೆ ಅವನ ಕಥೆ ಇರುವುದು ಅವರ ಗಂಟಲಿನಲ್ಲಿ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನೂ ಮರೆಯಬೇಡಿ, ಕಾರ್ತಿಕದ್ದು.

ಎಲ್ಲವನ್ನೂ ಹೂ ಇಟ್ಟು ಹಾಕಬೇಕಾ? ಇಲ್ಲ. ಸವದತ್ತಿ ಎಲ್ಲಮ್ಮನ ಎರಡು ಹುಣ್ಣಿಮೆಗಳಿವೆ. ಮಾರ್ಗಶಿರದ್ದು ರಂಡೆ ಹುಣ್ಣಿಮೆ, ದೇವಿ ಬಳೆ ಒಡೆದುಕೊಳ್ಳುವುದು. ಮಾಘದ್ದು ಮುತ್ತೈದೆ ಹುಣ್ಣಿಮೆ, ಮತ್ತೆ ಬಳೆ ತೊಡುವುದು. ಕಥೆಯಾಗಿ ಇದು ದೊಡ್ಡದು. ಆದರೆ ಇದೇ ದೇವಿಯ ಹೆಸರಲ್ಲಿ ಎಷ್ಟೋ ಬಡ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಬಿಟ್ಟರು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಹುಣ್ಣಿಮೆಯನ್ನು ಹಾಕಿ, ಪಕ್ಕದಲ್ಲಿ ಕಾನೂನಿನ ವರ್ಷವನ್ನೂ ಹಾಕಿ. ಎರಡೂ ಹೆಣ್ಣುಮಕ್ಕಳ ಇತಿಹಾಸವೇ. ಭೀಮನ ಅಮಾವಾಸ್ಯೆಯಂದು ಗಂಡನ ಪಾದಪೂಜೆ ಮಾಡುವುದನ್ನು ಹಾಕಬೇಕೋ ಬೇಡವೋ ಅಂತ ನಿಮ್ಮ ಸಂಘದಲ್ಲೇ ಜಗಳವಾಗಬಹುದು. ಆಗಲಿ ಬಿಡಿ. ನನ್ನನ್ನು ಕೇಳಿದರೆ ದಿನ ಇರಲಿ, ಚಿತ್ರ ಬೇಡ.

ನೀವು ಕೇಳದೇ ಇದ್ದ ಒಂದು ದಿನವನ್ನು ನಾನೇ ಹೇಳುತ್ತೇನೆ. ಭಾದ್ರಪದ ಬಹುಳ ನವಮಿ, ಪಿತೃಪಕ್ಷದ ಒಂಬತ್ತನೇ ದಿನ. ಪಂಚಾಂಗದಲ್ಲಿ ಅವಿಧವಾ ನವಮಿ ಅಂತಿರುತ್ತದೆ. ಗಂಡ ಇರುವಾಗಲೇ ಕಣ್ಣು ಮುಚ್ಚಿದ ಮನೆಯ ಹೆಂಗಸರನ್ನು ನೆನೆಯುವ ದಿನ. ಮುತ್ತೈದೆಯೊಬ್ಬರನ್ನು ಕರೆದು ಊಟ ಹಾಕಿ, ಸೀರೆ ಕುಪ್ಪಸ ಕೊಡುತ್ತಾರೆ. ಹೆರಿಗೆಯಲ್ಲಿ ಹೋದ ದೊಡ್ಡಮ್ಮ, ಜ್ವರದಲ್ಲಿ ಹೋದ ಮೊದಲ ಹೆಂಡತಿ, ಯಾರಿಗೂ ಮುಖ ನೆನಪಿಲ್ಲದ ಮುತ್ತಜ್ಜಿ, ಇವರ ಹೆಸರು ವರ್ಷಕ್ಕೊಮ್ಮೆ ಬಾಯಿಗೆ ಬರುವುದು ಅವತ್ತು. ಆದರೆ ಗಂಡ ಸತ್ತ ಮೇಲೆ ಮೂವತ್ತು, ನಲವತ್ತು ವರ್ಷ ಮನೆ ನಡೆಸಿದ ಅಜ್ಜಿಗೆ ಆ ನವಮಿಯಲ್ಲಿ ಜಾಗವಿಲ್ಲ. ಅವಳು ತನ್ನ ತಿಥಿಗೋ ಮಹಾಲಯ ಅಮಾವಾಸ್ಯೆಗೋ ಕಾಯಬೇಕು. ನನಗೆ ಇದು ಯಾವತ್ತೂ ಸರಿ ಅನಿಸಿಲ್ಲ. ನಿಮ್ಮ ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ‘ಮನೆಯ ಹೆಂಗಸರ ನವಮಿ’ ಅಂತ ಬರೆದು, ಗೆರೆ ಎಳೆದು ಖಾಲಿ ಬಿಡಿ. ಯಾರ ಹೆಸರು ತುಂಬಬೇಕು ಅನ್ನುವುದನ್ನು ಆಯಾ ಮನೆಯವರು ನೋಡಿಕೊಳ್ಳಲಿ.

ಈಗ ಅಚ್ಚಿನ ಕೆಲಸ. ಯಾವುದಾದರೂ ಒಂದೇ ಪಂಚಾಂಗ ಹಿಡಿಯಿರಿ, ಒಂದು ತಿಂಗಳು ಅದರದು, ಒಂದು ತಿಂಗಳು ಇದರದು ಮಾಡಬೇಡಿ. ಯಾವ ಪಂಚಾಂಗ ಅಂತ ಮೊದಲ ಪುಟದಲ್ಲೇ ಹಾಕಿ, ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ತಾರೀಖಿನ ದಿನಗಳಿಗೆ ಒಂದು ಬಣ್ಣ, ತಿಥಿಯ ದಿನಗಳಿಗೆ ಇನ್ನೊಂದು, ಸಂಕ್ರಮಣದ ಲೆಕ್ಕದವಕ್ಕೆ ಮತ್ತೊಂದು ಕೊಡಿ. ತಿಥಿಯ ದಿನಗಳಲ್ಲಿ ‘ಚೈತ್ರ ಹುಣ್ಣಿಮೆ’ ಅನ್ನುವುದು ದಪ್ಪಕ್ಷರದಲ್ಲಿ ಬರಲಿ. ಮುಂದಿನ ವರ್ಷ ಕ್ಯಾಲೆಂಡರ್ ಹಳೆಯದಾದರೂ ಅದು ಹಳೆಯದಾಗುವುದಿಲ್ಲ. ಎರಡು ದಿನಕ್ಕೆ ಹರಡಿದ ಹುಣ್ಣಿಮೆ ಬಂದರೆ ಶುರು, ಮುಗಿತಾಯದ ಗಂಟೆ ಕೊಟ್ಟುಬಿಡಿ. ಇಲ್ಲದಿದ್ದರೆ ನನ್ನ ಹಾಗೆ ಯಾರೋ ಬಸ್ ಹತ್ತಿ ಬಂದು ಮಡಚಿದ ಕುರ್ಚಿ ನೋಡಬೇಕಾಗುತ್ತದೆ.

ಭೂಮಿ ಹುಣ್ಣಿಮೆಯ ತಿಂಗಳಿಗೆ ಅಜ್ಜಿಯ ಬುಟ್ಟಿಯ ಚಿತ್ರವೇ ಇರಲಿ, ಕೆಳಗೆ ಅವರ ಹೆಸರು ಇರಲಿ. ಬುಟ್ಟಿ ಅಟ್ಟದ ಮೇಲೆ ಇನ್ನೂ ಇದ್ದರೆ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಅಕ್ಕಿಹಿಟ್ಟಿನ ಗೆರೆ ಎದ್ದು ಬರುತ್ತದೆ. ಒಣ ಬಟ್ಟೆಯಲ್ಲಿ ಧೂಳು ಕೊಡವಿ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿಟ್ಟು ಫೋಟೊ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಕೆಮ್ಮಣ್ಣಿನ ಬಣ್ಣ ಸತ್ತುಹೋಗುತ್ತದೆ.